ಒಂದು ಕೋಟು, ಮೂರು ಟೋಪಿ

ಶಿಕಾರಿಪುರದ ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಭಾವ, ಬೆನಕಪ್ಪನನ್ನು ಗಲ್ಲಾ ಪೆಟ್ಟಿಗೆಯ ಪಕ್ಕದಿಂದ ಎಬ್ಬಿಸಿ ಮನೆಗೆ ಕಳಿಸಿದ್ದು ಕಳ್ಳತನಕ್ಕಲ್ಲ, ಸೋಮಾರಿತನಕ್ಕೂ ಅಲ್ಲ. ತೊಗರಿಬೇಳೆ ಕೊಳ್ಳಲು ಬಂದ ಹೆಂಗಸಿಗೆ ಅವನು, "ನಮ್ ಬ್ಯಾಳಿ ಈ ಸಲ ಬೇಯವಲ್ದು ತಾಯಿ, ಎದುರಿನ ಅಂಗಡ್ಯಾಗ ಚಲೋದು ಐತಿ ನೋಡ್ರಿ" ಎಂದದ್ದು ಭಾವನ ಕಿವಿಗೆ ಬಿತ್ತು. ಹಾಗೆ ಬಿದ್ದದ್ದು ಮೊದಲ ಸಲವೂ ಆಗಿರಲಿಲ್ಲ. ಹಿಂದೆ ಬೆಲ್ಲದ ವಿಷಯದಲ್ಲಿ ಬಿದ್ದಿತ್ತು, ಕೊಬ್ಬರಿ ಎಣ್ಣೆಯ ವಿಷಯದಲ್ಲಿ ಬಿದ್ದಿತ್ತು.

"ನಿನ್ ನಾಲಿಗಿಗೆ ಎದುರಿನ ಅಂಗಡಿಯಾವ ಪಗಾರ ಕೊಡ್ತಾನೇನೋ?" ಎಂದು ಭಾವ ಕೂಗಿದ.

"ಇಲ್ರಿ ಭಾವಾ, ಏನೂ ಕೊಡಂಗಿಲ್ಲ," ಎಂದು ಬೆನಕಪ್ಪ ಇದ್ದದ್ದನ್ನು ಇದ್ದಹಾಗೆ ಹೇಳಿದ. ಭಾವನಿಗೆ ಅದು ಇನ್ನೂ ಕೆಟ್ಟದಾಗಿ ಕಂಡಿತು.

ಜೀವವಿಮೆಯನ್ನೆಲ್ಲ ಸರ್ಕಾರ ತನ್ನ ಕೈಗೆ ತೆಗೆದುಕೊಂಡು ಆಗ ಎರಡು ವರ್ಷ ಕಳೆದಿತ್ತು. ಆದರೆ ಬೆಂಕಿ ಇನ್ನೂ ಖಾಸಗಿಯವರ ಕೈಯಲ್ಲೇ ಇತ್ತು. ಮನುಷ್ಯ ಸತ್ತರೆ ಸರ್ಕಾರ, ಮನೆ ಸುಟ್ಟರೆ ಕಂಪನಿ, ಹೀಗೆ ಜನ ಲೆಕ್ಕ ಇಟ್ಟುಕೊಂಡಿದ್ದರು. ಹೇಮಕೂಟ ಫೈರ್ ಇನ್ಶೂರೆನ್ಸ್ ಕಂಪನಿಯ ಪರವಾಗಿ ಶಿಕಾರಿಪುರದಲ್ಲಿ ಏಜೆಂಟರನ್ನು ಹುಡುಕಿ ಹದ ಮಾಡುವ ಕೆಲಸ ವೀರಬಸಪ್ಪ ಎನ್ನುವವರದು. ಐವತ್ತು ದಾಟಿದ, ಒಣಕಲು ಮೈಯ, ಹಣೆಯ ತುಂಬ ವಿಭೂತಿ ಧರಿಸುವ ಮನುಷ್ಯ. ಅಂಗಡಿಯ ಗಲಾಟೆಯನ್ನು ಬೀದಿಯಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡ ಅವರು, ಬೆನಕಪ್ಪ ಚೀಲ ಹಿಡಿದು ಹೊರಗೆ ಬಂದ ಕೂಡಲೇ ತೋಳು ಹಿಡಿದರು.

"ತಮ್ಮಾ, ಸುಳ್ಳು ಹೇಳಾಕ ಬರದ ಮುಖ ನಿಂದು. ಇಂಥಾ ಮುಖ ನಮ್ ಕಂಪನಿ ವರ್ಷಗಟ್ಲೆ ಹುಡುಕ್ಯಾಡಾಕ ಹತ್ತೈತಿ."

ವೀರಬಸಪ್ಪನವರು ತಮ್ಮ ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದರು. ಅಲ್ಲಿ ಬೆನಕಪ್ಪನನ್ನು ಕೂರಿಸಿ, ಹೇಮಕೂಟದ ಏಜೆಂಟನಾದರೆ ಏನೇನು ಸಿಗುತ್ತದೆ ಎಂದು ವಿವರಿಸಿದರು. ಮೊದಲ ವರ್ಷ ತಿಂಗಳ ಸಂಬಳ, ಕೂರಲು ಕುರ್ಚಿ, ಮನೆಯ ಮುಂದೆ ಬೋರ್ಡು. ಎಲ್ಲಕ್ಕಿಂತ ಹೆಚ್ಚಾಗಿ, ಹಿತ್ತಾಳೆ ಗುಂಡಿಗಳ ಒಂದು ಕಪ್ಪು ಕೋಟು. ಗುಂಡಿಯ ಮೇಲೆಲ್ಲ ಹೇಮಕೂಟದ ಬೆಟ್ಟದ ಚಿತ್ರ.

"ಬದಲಿಗೆ ನಾ ಏನು ಮಾಡ್ಬೇಕ್ರಿ?"

"ಪತಿವ್ರತಿ ಹಂಗ ಇರ್ಬೇಕು," ಎಂದರು ವೀರಬಸಪ್ಪ. "ಬ್ಯಾರೆ ಕಂಪನಿ ಹೆಸರು ಬಾಯಾಗ ಬರಬಾರ್ದು. ಬ್ಯಾರೆ ಕಂಪನಿ ಬೋರ್ಡಿನ ನೆಳ್ಳಾಗ ನಿಂದ್ರಬಾರ್ದು, ಮಳಿ ಬಂದ್ರೂ. ಗಿರಾಕಿ 'ಅವರದು ಹೆಂಗೈತ್ರಿ' ಅಂತ ಕೇಳಿದ್ರ, 'ಯಾರದು?' ಅನ್ಬೇಕು. ಮತ್ತೂ ಕೇಳಿದ್ರ ಕೆಮ್ಮಬೇಕು. ಇಪ್ಪತ್ತು ವರ್ಷದಿಂದ ನಾ ಕೆಮ್ಮಾಕ ಹತ್ತೀನಿ."

ಶಿವರಾತ್ರಿಯ ದಿನ ಲಿಂಗ ಮುಟ್ಟಿ ಪ್ರಮಾಣ ಮಾಡುವುದು, ಅಲ್ಲಿಯವರೆಗೆ ಕೋಟು ಹಾಕಿಕೊಂಡು ಕೆಲಸ ಕಲಿಯುವುದು ಎಂದು ಮಾತಾಯಿತು. ಬೆನಕಪ್ಪ ಕೋಟು ತೊಟ್ಟು ಮನೆಗೆ ಹೋದ. ಹೆಂಡತಿ ನಿರ್ಮಲಮ್ಮ ಅವನ ಸುತ್ತ ಒಂದು ಸುತ್ತು ಬಂದು, "ತೋಳು ಉದ್ದ ಆಯ್ತು," ಎಂದಷ್ಟೇ ಹೇಳಿದಳು.

ಆ ವಾರವೇ ಅವರಿಬ್ಬರೂ ಸೊರಬಕ್ಕೆ, ಅವಳ ತವರಿಗೆ ಹೋದರು. ಅಳಿಯ ಕಂಪನಿ ಸೇರಿದ್ದಾನೆಂದು ಕೇಳಿ ಅತ್ತೆ ಗುಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರಿಗೆ ಗೊತ್ತಿದ್ದದ್ದು ಒಂದೇ ಬಗೆಯ ಕಂಪನಿ, ನಾಟಕದ ಕಂಪನಿ. "ಬಣ್ಣ ಹಚ್ಚೋಕೆ ಹೊರಟ್ರಲ್ಲ ಅಳಿಯಂದ್ರು! ಹೆಣ್ಣಿನ ಪಾರ್ಟು ಮಾತ್ರ ಬೇಡ ಅಂತ ಹೇಳೇ," ಎಂದು ಮಗಳ ಹತ್ತಿರ ಪಿಸುಗುಟ್ಟಿದರು. ಬೆಂಕಿಯ ವಿಮೆ ಎಂದರೇನೆಂದು ಬೆನಕಪ್ಪ ಬಹಳ ಹೊತ್ತು ವಿವರಿಸಿದ. ಎಲ್ಲ ಕೇಳಿ ಅತ್ತೆ, "ಹಂಗಾದ್ರೆ ರಾಕ್ಷಸನ ಪಾರ್ಟು," ಎಂದು ತೀರ್ಮಾನಿಸಿದರು.

ಪಕ್ಕದ ಬೀದಿಯ ಮಂಜಪ್ಪ ವಿಷಯ ತಿಳಿದು ತಾವೇ ಹುಡುಕಿಕೊಂಡು ಬಂದರು. ದಪ್ಪ ಮೈ, ಸದಾ ನಗು. ಅವರೂ ವಿಮೆಯವರೇ. ಆದರೆ ಒಂದು ಕಂಪನಿಯವರಲ್ಲ. ಉದಯಭಾನು, ನವಕಾವೇರಿ, ಗಂಡಭೇರುಂಡ ಎಂಬ ಮೂರು ಕಂಪನಿಗಳ ಕೆಲಸವನ್ನು ಒಟ್ಟಿಗೆ ಮಾಡುತ್ತಿದ್ದರು. ಸೊರಬದ ಗುಡಿಗಾರರ ಕೈಯಲ್ಲಿ ಗಂಧದ ಮರದ ತುಂಡಿಗೆ ಮೂರರ ಹೆಸರೂ ಕೆತ್ತಿಸಿ ಬಾಗಿಲಿಗೆ ಹೊಡೆದಿದ್ದರು.

"ಅಲ್ಲ ಮಾರಾಯ್ರೇ, ಒಂದೇ ಕಂಪನಿಗೆ ಕಟ್ಟಿಕೊಂಡ್ರೆ ಎಂತ ಆಗ್ತದೆ ಗೊತ್ತಾ? ಗಿರಾಕಿ ತಲೆಗೆ ಟೋಪಿ ಸರಿಹೊಂದದಿದ್ರೆ ಅವನ ತಲೆನೇ ಕೆತ್ತಬೇಕು ನೀವು. ನಂಗೆ ಆ ಕರ್ಮ ಇಲ್ಲ. ಅಕ್ಕಿ ಗಿರಣಿಗೆ ಉದಯಭಾನು, ಲಾರಿಗೆ ನವಕಾವೇರಿ, ಎರಡೂ ಬೇಡ ಅಂದೋರಿಗೆ ಗಂಡಭೇರುಂಡ."

ಟೋಪಿಯ ಮಾತನ್ನು ಅವರು ಅಲಂಕಾರಕ್ಕೆ ಹೇಳಿದ್ದಲ್ಲ. ಅವರ ಚೀಲದಲ್ಲಿ ನಿಜವಾಗಿಯೂ ಮೂರು ಟೋಪಿಗಳಿದ್ದವು. ಉದಯಭಾನುವಿಗೆ ಬಿಳಿ ಟೋಪಿ, ನವಕಾವೇರಿಗೆ ಕರಿ ಟೋಪಿ, ಗಂಡಭೇರುಂಡಕ್ಕೆ ಜರಿಯಂಚಿನ ಪೇಟ. ಯಾವ ಕಂಪನಿಯ ಮಾತು ಬಂದರೆ ಆ ಟೋಪಿ. ಹಾಗೆ ಮಾಡದಿದ್ದರೆ ತನಗೇ ಕಲಸುಮೇಲೋಗರ ಆಗುತ್ತದೆ ಎಂದು ಅವರು ಒಪ್ಪಿಕೊಂಡರು.

"ಸಂಬಳ, ಕುರ್ಚಿ?" ಎಂದು ಬೆನಕಪ್ಪ ಕೇಳಿದ.

"ಸಂಬಳ ಇಲ್ಲ. ಕುರ್ಚಿ ನೀವೇ ತಂದ್ಕಳಿ. ಟೋಪಿ ಬೇಕಾದ್ರೆ ಮೂರೂ ಒಂದೊಂದು ಕೊಡ್ತೆ."

ಬೆನಕಪ್ಪನಿಗೆ ದಿಕ್ಕು ತೋಚಲಿಲ್ಲ. ವೀರಬಸಪ್ಪನವರ ಮಾತು ಕೇಳಿದರೆ ಅದೇ ಸರಿ ಅನ್ನಿಸುತ್ತಿತ್ತು, ಮಂಜಪ್ಪನವರದು ಕೇಳಿದರೆ ಇದೇ ಸರಿ ಅನ್ನಿಸುತ್ತಿತ್ತು. ನಿರ್ಮಲಮ್ಮ, "ಪ್ರಮಾಣ ಶಿವರಾತ್ರಿಗೆ ತಾನೆ? ಅಲ್ಲೀ ತನಕ ಎರಡೂ ಮಾಡಿ ನೋಡ್ರಿ. ಸೀರೆ ತಗಳೋವಾಗ ನಾನೂ ಎರಡು ಮಡಿಲಲ್ಲಿ ಇಟ್ಕಂಡು ನೋಡ್ತೀನಲ್ಲ," ಎಂದಳು.

ಹೀಗೆ ಅವನ ಎರಡು ಬಾಳು ಶುರುವಾಯಿತು. ಶಿಕಾರಿಪುರದಲ್ಲಿ ಹಿತ್ತಾಳೆ ಗುಂಡಿಯ ಕೋಟು. ಬಸ್ಸು ಶಿರಾಳಕೊಪ್ಪದಲ್ಲಿ ಚಹಕ್ಕೆ ನಿಂತಾಗ ಹೋಟೆಲಿನ ಹಿಂದೆ ಹೋಗಿ ಕೋಟು ಬಿಚ್ಚಿ ಚೀಲಕ್ಕೆ ತುರುಕಿ, ಟೋಪಿಗಳನ್ನು ಹೊರಗೆ ತೆಗೆಯುತ್ತಿದ್ದ. ಸೊರಬದಿಂದ ಮರಳುವಾಗ ಟೋಪಿ ಒಳಗೆ, ಕೋಟು ಹೊರಗೆ. ಕಂಡಕ್ಟರು ಮೊದಮೊದಲು ಇವನು ಸಿ.ಐ.ಡಿ. ಇರಬೇಕೆಂದು ಎದ್ದು ನಿಂತು ಟಿಕೆಟ್ ಕೊಡುತ್ತಿದ್ದ. ಒಂದು ದಿನ ಆತುರದಲ್ಲಿ ಬೆನಕಪ್ಪ ಕೋಟಿನ ಮೇಲೆ ಪೇಟ ಸುತ್ತಿ ಇಳಿದದ್ದನ್ನು ಕಂಡ ಮೇಲೆ, ಮದುವೆಯ ಬ್ಯಾಂಡಿನವನೆಂದು ತಿಳಿದು ಕೂತೇ ಕೊಡತೊಡಗಿದ.

ಎರಡು ಕಡೆಯೂ ಕಷ್ಟ ಇತ್ತು. ಶಿಕಾರಿಪುರದಲ್ಲಿ ಹತ್ತಿ ವ್ಯಾಪಾರಿಯೊಬ್ಬ, "ಹೇಮಕೂಟದವರು ಹತ್ತಿಗೆ ಇಷ್ಟ್ಯಾಕ ಕೇಳ್ತಾರ? ಬ್ಯಾರೆಯವರು ಕಮ್ಮಿ ಕೇಳ್ತಾರಂತಲ್ಲ?" ಎಂದಾಗ ಬೆನಕಪ್ಪ ಕೆಮ್ಮಬೇಕಾಯಿತು. ಅವನಿಗೆ ಉತ್ತರ ಗೊತ್ತಿತ್ತು, ಉತ್ತರ ಗಂಟಲಿನವರೆಗೆ ಬಂದೂ ಇತ್ತು. ಅದನ್ನು ತಡೆಯಲು ಎಷ್ಟು ಕೆಮ್ಮಿದನೆಂದರೆ ವ್ಯಾಪಾರಿಯ ಹೆಂಡತಿ ಒಳಗಿನಿಂದ ಶುಂಠಿ ಕಷಾಯ ಮಾಡಿ ತಂದಳು. ಸೊರಬದಲ್ಲಿ ಕೆಮ್ಮುವ ಅಗತ್ಯ ಇರಲಿಲ್ಲ. ಆದರೆ ಅಲ್ಲಿ ಮೂರು ಕಂಪನಿಯವರಿಗೂ ಇವನ ಮುಖ ಗುರುತಿಲ್ಲ, ಪತ್ರ ಬರೆದರೆ ಉತ್ತರವಿಲ್ಲ. ಅಳಲು ಹೋಗೋಣವೆಂದರೆ ಬಾಗಿಲಿಲ್ಲ.

ಆ ಚಳಿಗಾಲದಲ್ಲಿ ರಾಜೇಶ್ವರಮ್ಮನವರ ನಾಟಕ ಕಂಪನಿ ಶಿಕಾರಿಪುರದಲ್ಲಿ ಡೇರೆ ಹೊಡೆದಿತ್ತು. ಅತ್ತೆ ಗುಡ್ಡಮ್ಮನವರಿಗೆ ಗೊತ್ತಿದ್ದ ಕಂಪನಿ ಅಂದರೆ ಇದೇ ಬಗೆಯದು. ರಾಜೇಶ್ವರಮ್ಮ ಮಾಲೀಕರೂ ಹೌದು, ನಾಯಕಿಯೂ ಹೌದು, ಜನ ಕಡಿಮೆ ಬಿದ್ದ ದಿನ ನಾಯಕನೂ ಹೌದು. ಅವರ 'ರಾಣಿ ಜ್ವಾಲಾವತಿ' ನಾಟಕದ ಮೂರನೇ ಅಂಕದಲ್ಲಿ ದುಷ್ಟ ಮಂತ್ರಿ ಅರಮನೆಗೆ ಬೆಂಕಿ ಇಡುತ್ತಾನೆ. ಬಿದಿರು, ಗೋಣಿತಟ್ಟು, ಬಣ್ಣದ ಬಟ್ಟೆಯಲ್ಲಿ ಕಟ್ಟಿದ ಅರಮನೆಯ ಒಂದು ಗೋಪುರಕ್ಕೆ ಪ್ರತಿ ಆಟದಲ್ಲೂ ನಿಜವಾದ ಬೆಂಕಿಯನ್ನೇ ಇಡುತ್ತಿದ್ದರು. ಎರಡು ಬಕೆಟ್ಟು ನೀರಿನಲ್ಲಿ ಅದನ್ನು ಆರಿಸುವುದು, ಮರುದಿನ ಗೋಪುರಕ್ಕೆ ಹೊಸ ಗೋಣಿ ಹೊಲಿಯುವುದು. ಜನ ಬರುತ್ತಿದ್ದದ್ದೇ ಆ ಬೆಂಕಿ ನೋಡಲು.

ರಾಜೇಶ್ವರಮ್ಮ ಡೇರೆಗೂ ಅರಮನೆಗೂ ವಿಮೆ ಬೇಕೆಂದು ಬೆನಕಪ್ಪನನ್ನು ಕೇಳಿದರು. ಅವನು ವೀರಬಸಪ್ಪನವರನ್ನು ಕೇಳಿದ.

"ಬೆಂಕಿ ಆಕಸ್ಮಿಕ ಹತ್ತಿದ್ರ ನಮ್ ಕಂಪನಿ," ಎಂದರು ಅವರು. "ದಿನಾ ಟಿಕೆಟ್ ಹರಿದು ಬೆಂಕಿ ಹಚ್ಚೋರಿಗೆ ನಾವು ವಿಮೆ ಕೊಡಂಗಿಲ್ಲ. ಹೇಳಿಬಿಡು."

ಬೆನಕಪ್ಪ ಹೇಳಿಬಿಟ್ಟ. ಕೆಲ ದಿನದಲ್ಲೇ ಡೇರೆ ಸೊರಬಕ್ಕೆ ಹೋಯಿತು. ಅಲ್ಲಿ ಕರಿ ಟೋಪಿ ಹಾಕಿಕೊಂಡು ಸಂತೆ ಬಯಲಿನಲ್ಲಿ ಬರುತ್ತಿದ್ದವನನ್ನು ರಾಜೇಶ್ವರಮ್ಮ ಅಡ್ಡಗಟ್ಟಿದರು.

"ನಿಲ್ಲು ಮಗುವೇ! ಆ ಊರಿನಲ್ಲಿ ಕೋಟು ತೊಟ್ಟು ಆಗದು ಎಂದವನು, ಈ ಊರಿನಲ್ಲಿ ಟೋಪಿ ತೊಟ್ಟು ಯಾರ ಮನೆಗೆ ಹೊರಟೆ?" ವೇದಿಕೆಯ ಮಾತು ಅವರಿಗೆ ಡೇರೆಯ ಹೊರಗೂ ಬಿಟ್ಟುಹೋಗುತ್ತಿರಲಿಲ್ಲ.

ಬೆನಕಪ್ಪನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಎಲ್ಲವನ್ನೂ ಹೇಳಿಕೊಂಡ. ಅವರು ಬಯ್ಯಲಿಲ್ಲ. "ಎರಡು ಪಾತ್ರ ನಾನೂ ಮಾಡುತ್ತೇನೆ, ತಪ್ಪೇನು? ಆದರೆ ಪಾತ್ರ ಬದಲಾಯಿಸುವಾಗ ಪರದೆ ಬಿದ್ದಿರಬೇಕು. ನಿನ್ನದು ಬಯಲಿನಲ್ಲಿ ನಡೆದಿದೆ," ಎಂದು ಅವನ ಟೋಪಿಯನ್ನು ಸರಿಯಾಗಿ ಕೂರಿಸಿದರು.

ಮಂಜಪ್ಪನವರು ಮೂರು ಕಂಪನಿಗೂ ಬರೆದರು. ನಾಟಕದ ಬೆಂಕಿ ಕಣ್ಣಾರೆ ನೋಡದೆ ಆಗುವುದಿಲ್ಲವೆಂದು ಮೂವರೂ ಉತ್ತರ ಕೊಟ್ಟರು. ಉತ್ತರವೇ ಕೊಡದಿದ್ದವರು ಈಗ ಒಂದೇ ದಿನ, ಒಂದೇ ಮಧ್ಯಾಹ್ನ ಬರುವುದಾಗಿ ತಿಳಿಸಿದರು. ಮೂರು ಕಂಪನಿಗಳು ಒಂದು ಡೇರೆಗೆ ಮುಗಿಬಿದ್ದಿವೆ ಎನ್ನುವ ಸುದ್ದಿ ಹೇಮಕೂಟದ ಹೆಡ್ಡಾಫೀಸಿಗೂ ಹೇಗೋ ಮುಟ್ಟಿ, ಅಲ್ಲಿಂದ ವೀರಬಸಪ್ಪನವರಿಗೆ ತಂತಿ ಬಂತು: ಕೂಡಲೇ ಸೊರಬಕ್ಕೆ ಹೊರಡಿ, ಅವಕಾಶ ಬಿಡಬೇಡಿ.

ಆ ದಿನ ಬೆನಕಪ್ಪ ಬಸ್ಸು ಹತ್ತಿದಾಗ ಮುಂದಿನ ಸೀಟಿನಲ್ಲಿ ವೀರಬಸಪ್ಪನವರು ಕೂತಿದ್ದರು. "ಚಲೋ ಆತು ತಮ್ಮಾ, ನೀನೂ ಬಂದಿ," ಎಂದು ಪಕ್ಕದಲ್ಲಿ ಕೂರಿಸಿಕೊಂಡರು. ಶಿರಾಳಕೊಪ್ಪದಲ್ಲಿ ಬೆನಕಪ್ಪ ಹೋಟೆಲಿನ ಹಿಂದೆ ಹೋಗಿ ಅಭ್ಯಾಸಬಲದಿಂದ ಕೋಟು ಬಿಚ್ಚಿದ. ಟೋಪಿಗೆ ಕೈ ಹಾಕಿದ. ಸೊರಬದಲ್ಲಿ ಮಂಜಪ್ಪ ಕಾಯುತ್ತಿದ್ದಾರೆ, ಬಸ್ಸಿನಲ್ಲಿ ವೀರಬಸಪ್ಪ ಕೂತಿದ್ದಾರೆ. ಯಾವುದನ್ನು ಹಾಕಿದರೂ ಒಬ್ಬರಿಗೆ ದ್ರೋಹ. ಬಸ್ಸಿನ ಹಾರ್ನು ಕೇಳಿ ಬರಿಯ ಅಂಗಿಯಲ್ಲೇ, ಬರಿದಲೆಯಲ್ಲೇ ಓಡಿಬಂದ. ಸೆಕೆ ಎಂದ. ಮಾಘದ ಗಾಳಿಗೆ ಅವನ ಹಲ್ಲು ಕಟಕಟಿಸುತ್ತಿತ್ತು.

ಡೇರೆಯೊಳಗೆ ರಾಜೇಶ್ವರಮ್ಮ ಸಾಹೇಬರಿಗಾಗಿ ಕುರ್ಚಿ ಹಾಕಿಸಿದ್ದರು. ದೊಡ್ಡ ದೊಡ್ಡವರು ಬರುತ್ತಾರೆಂದು ಬೆಳಿಗ್ಗೆಯೇ ಅರಮನೆಗೆ ಹೊಸದಾಗಿ ಬಣ್ಣವನ್ನೂ ಬಳಿಸಿದ್ದರು. ಉದಯಭಾನುವಿನ ಕನ್ನಡಕದ ಇನ್‌ಸ್ಪೆಕ್ಟರು, ನವಕಾವೇರಿಯ ಬೊಜ್ಜಿನವರು, ಗಂಡಭೇರುಂಡದ ಉಬ್ಬಸದವರು ಒಬ್ಬರ ಮುಖ ಒಬ್ಬರು ನೋಡದೆ ಕೂತರು. ವೀರಬಸಪ್ಪ ನಾಲ್ಕನೆಯ ಕುರ್ಚಿಯನ್ನು ಎಳೆದು ದೂರ ಹಾಕಿಕೊಂಡರು. ಮಂಜಪ್ಪ ಮೂರು ಟೋಪಿಗಳನ್ನೂ ಕೈಯಲ್ಲಿ ಹಿಡಿದು ಯಾವುದನ್ನೂ ಹಾಕಲಾರದೆ ನಿಂತರು. ಬೆನಕಪ್ಪ ಕಂಬಕ್ಕೆ ಒರಗಿದ.

ಮೊದಲು ಕರಾರುಗಳ ಮಾತಾಯಿತು. ಕನ್ನಡಕದವರು ಡೇರೆಗೆ ವಿಮೆ ಕೊಡುತ್ತೇವೆ, ಅರಮನೆಗೆ ಇಲ್ಲ ಎಂದರು. ಬೊಜ್ಜಿನವರು ಅರಮನೆಗೆ ಕೊಡುತ್ತೇವೆ, ಆದರೆ ಅದು ಉರಿಯದೆ ಇರುವ ಹೊತ್ತಿನಲ್ಲಿ ಮಾತ್ರ ಎಂದರು. ಉಬ್ಬಸದವರು ಸಿಂಹಾಸನ, ಕಿರೀಟ, ಹಾರ್ಮೋನಿಯಂ ಮೂರಕ್ಕೂ ಕೊಡಲು ತಯಾರಿದ್ದರು. ಬೆಂಕಿ ಇಡುವ ಮೊದಲು ಅವನ್ನು ಡೇರೆಯ ಹೊರಗೆ ಸಾಗಿಸಿರಬೇಕು, ಅಷ್ಟೇ.

"ಅಂದರೆ ನಮ್ಮ ಮಹಾರಾಜರು ನಿಂತುಕೊಂಡೇ ಸುಡಬೇಕೇ?" ಎಂದು ರಾಜೇಶ್ವರಮ್ಮ ಕೇಳಿದರು.

"ಮಹಾರಾಜರ ವಿಷಯ ಸರ್ಕಾರದ್ದು," ಎಂದರು ಉಬ್ಬಸದವರು. "ಜೀವ ನಮಗೆ ಬರುವುದಿಲ್ಲ."

ಇನ್ನು ಬೆಂಕಿ ನೋಡುವುದು. ಮಂತ್ರಿಯ ಪಾತ್ರದವನು ಮೀಸೆ ತೀಡಿಕೊಂಡು, ಪಂಜು ಹಿಡಿದು ಬಂದ. "ಉರಿ! ಉರಿದು ಬೂದಿಯಾಗು, ಎಲೈ ಅರಮನೆಯೇ!" ಎಂದು ಗರ್ಜಿಸಿ ಗೋಪುರಕ್ಕೆ ಪಂಜು ಹಿಡಿದ. ಗೋಪುರ ಚುಸ್ಸೆಂದಿತು. ಬಣ್ಣ ಇನ್ನೂ ಹಸಿಯಾಗಿತ್ತು. ಅವನು ಮತ್ತೆ ಗರ್ಜಿಸಿದ. ಮತ್ತೆ ಚುಸ್ಸೆಂದಿತು. ನಾಲ್ಕನೆಯ ಗರ್ಜನೆ ಹೊತ್ತಿಗೆ ಅವನ ದನಿಯಲ್ಲಿ ಬೇಡಿಕೆ ಸೇರಿಕೊಂಡಿತ್ತು. ರಾಜೇಶ್ವರಮ್ಮ ಅವಮಾನದಿಂದ ಮುಖ ಮುಚ್ಚಿಕೊಂಡರು. ಎಷ್ಟೋ ಊರುಗಳಲ್ಲಿ ಉರಿದ ಅರಮನೆ, ಇಷ್ಟು ಜನ ಬೆಂಕಿ ಬಲ್ಲವರ ಎದುರು ಉರಿಯಲಿಲ್ಲ.

"ಇದು ಇನ್ನೂ ಅಪಾಯ," ಎಂದರು ಬೊಜ್ಜಿನವರು. "ಬೆಂಕಿ ಹತ್ತದಿದ್ರೆ ಜನ ರೊಚ್ಚಿಗೆದ್ದು ಬೆಂಚು ಮುರೀತಾರೆ."

"ಗಾಳಿ ಆಡ್ತಿಲ್ಲ, ಅದಕ್ಕೆ," ಎಂದು ಕನ್ನಡಕದವರು ಎದ್ದರು. "ಆ ಪರದೆ ಎತ್ತಿ."

"ಕೆಳಗಿಂದ ಹಚ್ಚಬೇಕು, ಬುಡಕ್ಕೆ," ಎಂದು ಉಬ್ಬಸದವರೂ ಎದ್ದರು. ಬೊಜ್ಜಿನವರು ಸೀಮೆಎಣ್ಣೆಯ ಡಬ್ಬಿ ತರಿಸಿದರು. ಬೆಂಕಿ ಹೇಗೆ ಹತ್ತುತ್ತದೆ ಎಂದು ವಿಚಾರಿಸುವುದರಲ್ಲೇ ತಲೆ ನರೆತವರು, ಅದನ್ನು ಹತ್ತಿಸುವ ಅವಕಾಶ ಇವತ್ತಿನವರೆಗೆ ಯಾರೂ ಅವರಿಗೆ ಕೊಟ್ಟಿರಲಿಲ್ಲ. ಮೂವರೂ ವೇದಿಕೆ ಹತ್ತಿ ವಾದ ಮಾಡತೊಡಗಿದರು. ವೀರಬಸಪ್ಪ ಸ್ವಲ್ಪ ಹೊತ್ತು ತಡೆದುಕೊಂಡು ಕೂತಿದ್ದರು. ಆಮೇಲೆ ಅಂಗಿಯ ತೋಳು ಮಡಚಿಕೊಂಡು ಎದ್ದರು. "ಯಾರಿಗೂ ತಿಳಿವಲ್ದು! ಹೇಮಕೂಟ ಇಲ್ದ ಬೆಂಕಿ ಹತ್ತತೈತೇನು? ಕೊಡ್ರಿ ಇಲ್ಲಿ," ಎಂದು ಮಂತ್ರಿಯ ಕೈಯಿಂದ ಪಂಜು ಕಸಿದುಕೊಂಡರು.

"ಸಾಹೇಬ್ರ, ಬ್ಯಾಡ್ರಿ, ಗಾಳಿ ಬಿಟ್ಟೈತಿ," ಎಂದು ಬೆನಕಪ್ಪ ಕೂಗಿದ. ಯಾರೂ ತಿರುಗಿ ನೋಡಲಿಲ್ಲ.

ವೀರಬಸಪ್ಪ ಅರಮನೆಯ ಹಿಂದೆ, ಬಣ್ಣ ಬಳಿಯದ ಒಣ ಗೋಣಿಯ ಕಡೆಗೆ ಹೋಗಿ ಬುಡಕ್ಕೆ ಪಂಜು ಹಿಡಿದರು. ಭಗ್ಗೆಂದಿತು. ಗೋಪುರ ಒಂದೇ ಅಲ್ಲ, ಅರಮನೆಗೆ ಅರಮನೆಯೇ ಎದ್ದು ಉರಿಯಿತು. ಕ್ಷಣಕಾಲ ನಾಲ್ವರೂ ಚಪ್ಪಾಳೆ ತಟ್ಟಿದರು. ಆಮೇಲೆ ಜ್ವಾಲೆ ಡೇರೆಯ ಅಂಚನ್ನು ನೆಕ್ಕಿತು.

ನಟರು, ಅಡಿಗೆಯವರು, ಹಾರ್ಮೋನಿಯಂ ಬಾರಿಸುವವರು, ಸಂತೆ ಬಯಲಿನಲ್ಲಿದ್ದ ಜನ ಎಲ್ಲ ಸೇರಿ ಬಾವಿಯಿಂದ ನೀರು ಹೊತ್ತರು, ಮಣ್ಣು ಎರಚಿದರು. ಬೆನಕಪ್ಪ ಡೇರೆಯ ಹಗ್ಗ ಕತ್ತರಿಸಿ ಉರಿಯುವ ಭಾಗವನ್ನು ನೆಲಕ್ಕೆ ಕೆಡವಿದ. ಯಾರ ಜೀವಕ್ಕೂ ಏನೂ ಆಗಲಿಲ್ಲ. ಮಂತ್ರಿಯ ಅಂಟಿಸಿದ ಮೀಸೆ ಸುಟ್ಟಿತು. ಅರಮನೆ, ಸಿಂಹಾಸನ, ಡೇರೆಯ ಒಂದು ಮೂಲೆ ಬೂದಿಯಾದವು.

ಹೊಗೆಯ ನಡುವೆ ಬೊಜ್ಜಿನವರಿಗೆ ಮೊದಲು ಪ್ರಜ್ಞೆ ಬಂತು. "ಪಾಲಿಸಿ ಇನ್ನೂ ಆಗಿರಲಿಲ್ಲ. ನಮಗೆ ಸಂಬಂಧವಿಲ್ಲ," ಎಂದರು. ಉಳಿದಿಬ್ಬರೂ ತಲೆಯಾಡಿಸಿದರು. ಮಂತ್ರಿಯೇ ಬೆಂಕಿ ಇಟ್ಟದ್ದೆಂದು ಕನ್ನಡಕದವರು ಹೇಳಿದರು. ಮಂತ್ರಿ ಅಳುತ್ತ, ತಾನು ಬರೀ ಮಾತಾಡಿದ್ದು ಎಂದ. ಕೊನೆಗೆ ಎಲ್ಲರೂ ಬೆನಕಪ್ಪನ ಕಡೆ ತಿರುಗಿದರು.

"ನೀನು ಹೇಳು ತಮ್ಮಾ," ಎಂದರು ವೀರಬಸಪ್ಪ, ಮಸಿ ಹಿಡಿದ ಮುಖದಲ್ಲಿ. "ನೀ ನಮ್ ಏಜೆಂಟು."

"ಇವ್ರು ನಮ್ಮೋರು," ಎಂದರು ಮಂಜಪ್ಪ. "ನನ್ನ ಟೋಪಿ ಇವ್ರ ಚೀಲದಲ್ಲಿದೆ, ನೋಡಿ ಬೇಕಾದ್ರೆ."

ಬೆನಕಪ್ಪನ ಒಂದೇ ಚೀಲದಿಂದ ಕೋಟೂ ಟೋಪಿಗಳೂ ಹೊರಬಂದವು. ವೀರಬಸಪ್ಪ ಟೋಪಿಗಳನ್ನು ನೋಡಿದರು, ಮಂಜಪ್ಪ ಕೋಟನ್ನು ನೋಡಿದರು. ಅವರು ಬಯ್ದಿದ್ದರೆ ಬೆನಕಪ್ಪನಿಗೆ ಸುಖವಿತ್ತು. ಕೆಮ್ಮಿ ಪಾರಾಗೋಣವೆಂದುಕೊಂಡ, ಅಷ್ಟು ಹೊಗೆಯಲ್ಲೂ ಅವನಿಗೆ ಕೆಮ್ಮು ಬರಲಿಲ್ಲ. ರಾಜೇಶ್ವರಮ್ಮ ಬೂದಿಯ ಪಕ್ಕ ನೆಲದ ಮೇಲೆ ಕೂತಿದ್ದರು. ವೇದಿಕೆಯ ಮಾತು ಅವರ ಬಾಯಿಂದ ಹೊರಟುಹೋಗಿತ್ತು. "ಹೇಳಪ್ಪಾ," ಎಂದಷ್ಟೇ ಅಂದರು.

"ನಾ ಕಂಡದ್ದು ಹೇಳ್ತೀನ್ರಿ," ಎಂದ ಬೆನಕಪ್ಪ. "ಪರದಿ ಎತ್ತಿಸಿದ್ದು ಉದಯಭಾನು. ಎಣ್ಣಿ ತರ್ಸಿದ್ದು ನವಕಾವೇರಿ. ಬುಡಕ್ಕ ಹಚ್ರಿ ಅಂದದ್ದು ಗಂಡಭೇರುಂಡ. ಹಚ್ಚಿದ್ದು ನಮ್ ವೀರಬಸಪ್ನೋರು. ಈಯಮ್ಮನ ಮಂದಿ ಬರೇ ನೀರು ಹೊತ್ತಾರ."

ಸುತ್ತ ಊರಿನ ಜನ ನೆರೆದಿದ್ದರು. ಇನ್‌ಸ್ಪೆಕ್ಟರುಗಳು ಅವರ ಮುಖ ನೋಡಿದರು, ಬಸ್ಸಿನ ಹೊತ್ತು ನೋಡಿದರು. ಆಗ ಕನ್ನಡಕದವರಿಗೆ ಒಂದು ಉಪಾಯ ಹೊಳೆಯಿತು. ಈ ನಾಟಕ ಕಂಪನಿಯಷ್ಟು ಸುರಕ್ಷಿತ ಕಂಪನಿ ಇಡೀ ಮೈಸೂರು ರಾಜ್ಯದಲ್ಲೇ ಇಲ್ಲ, ಏಕೆಂದರೆ ಸುಡುವುದಕ್ಕೆ ಇನ್ನೇನೂ ಉಳಿದಿಲ್ಲ ಎಂದರು. ಈಗಿಂದೀಗಲೇ ಪಾಲಿಸಿ ಕೊಡಲು ಅವರು ತಯಾರು. ಬೊಜ್ಜಿನವರು, ಬೂದಿಗೆ ತಮ್ಮ ಕಂಪನಿಯಲ್ಲಿ ದರ ಇನ್ನೂ ಕಡಿಮೆ ಎಂದರು. ಉಬ್ಬಸದವರು ಬೂದಿಯ ಜೊತೆ ಬಕೆಟ್ಟುಗಳನ್ನೂ ಸೇರಿಸಿದರು. ಹೆಡ್ಡಾಫೀಸಿನ ತಂತಿ ನೆನಪಾಗಿ ವೀರಬಸಪ್ಪನವರೂ ಜೇಬಿನಿಂದ ಪೆನ್ನು ತೆಗೆದರು. ನಾಲ್ವರೂ ಬೂದಿಗಾಗಿ ಕಿತ್ತಾಡತೊಡಗಿದರು. ಮಂಜಪ್ಪ ಟೋಪಿ ಬದಲಾಯಿಸುತ್ತ ಬದಲಾಯಿಸುತ್ತ ಸುಸ್ತಾದರು.

"ಯಾವುದಕ್ಕೆ ಒಪ್ಪಲಿ?" ಎಂದು ರಾಜೇಶ್ವರಮ್ಮ ಬೆನಕಪ್ಪನನ್ನು ಕೇಳಿದರು.

"ಒಂದಕ್ಕೂ ಒಪ್ಪಬ್ಯಾಡ್ರಿ ತಾಯಿ," ಎಂದ ಅವನು. ಭಾವನ ಅಂಗಡಿಯಲ್ಲಿ ಬಾಯಿ ತಪ್ಪಿ ಬಂದ ಮಾತಿನಂತಿರಲಿಲ್ಲ ಅದು, ತಿಳಿದೇ ಹೇಳಿದ. "ಬೂದಿಗೆ ಯಾರರ ವಿಮಾ ಕಟ್ಟತಾರೇನು? ಮೊದ್ಲು ಇವರ ಕಡಿಂದ ಬಿದಿರು, ಗೋಣಿ, ಡೇರಿ ಬಟ್ಟಿ ತರ್ಸ್ರಿ. ಹಚ್ಚಿದೋರು ಕಟ್ಟಿಕೊಡ್ಲಿ. ಆಮ್ಯಾಲೆ ಮಾತಾಡೂಣು."

ಜನ ಹೋ ಎಂದರು. ಕತ್ತಲಾಗುವ ಮೊದಲೇ ಮೂವರು ಇನ್‌ಸ್ಪೆಕ್ಟರುಗಳೂ ವೀರಬಸಪ್ಪನವರೂ ತಮ್ಮ ತಮ್ಮ ಕಿಸೆಯಿಂದಲೇ ಎಲ್ಲಕ್ಕೂ ಹಣ ಕೊಡಲು ಒಪ್ಪಿಕೊಂಡು, ಒಂದೇ ಬಸ್ಸಿನಲ್ಲಿ ನಾಲ್ಕು ಮೂಲೆ ಹಿಡಿದು ಕೂತು ಹೋದರು.

ಮಂಜಪ್ಪ ಮಾತ್ರ ಬಹಳ ನೊಂದುಕೊಂಡರು. "ಮೂರು ಪಾಲಿಸಿ ಆಗ್ತಿತ್ತಲ್ಲ ಮಾರಾಯ್ರೇ, ಒಂದೇ ಬೂದಿಗೆ!" ಎಂದು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಆನವಟ್ಟಿಯಿಂದ ಅಕ್ಕಿ ಗಿರಣಿಯವರೊಬ್ಬರು ಬಂದು, "ಯಾವುದನ್ನೂ ತಗಬೇಡಿ ಅಂದ ಏಜೆಂಟರು ಇವರೇನಾ?" ಎಂದು ಕೇಳಿ, ಬೆನಕಪ್ಪನನ್ನೇ ಕರೆದುಕೊಂಡು ಹೋಗಿ ಗಿರಣಿ ತೋರಿಸಿದರು. ಕುಬಟೂರಿನಿಂದ, ಉಳವಿಯಿಂದಲೂ ಜನ ಬಂದರು. ಮಂಜಪ್ಪ ಊಟ ಶುರು ಮಾಡಿದರು, ತಮ್ಮ ಪಕ್ಕದಲ್ಲಿ ಇನ್ನೊಂದು ಕುರ್ಚಿಗೂ ಜಾಗ ಬಿಟ್ಟರು.

ಶಿವರಾತ್ರಿಗೆ ಮೂರು ದಿನ ಇರುವಾಗ ಬೆನಕಪ್ಪ ಕೋಟನ್ನು ಒಗೆಸಿ, ಮಡಿಸಿ, ಶಿಕಾರಿಪುರದಲ್ಲಿ ವೀರಬಸಪ್ಪನವರ ಮನೆಗೆ ಹೋದ. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ. ಬಾಗಿಲಲ್ಲಿ ಅವರನ್ನು ನೋಡಿದ ಕೂಡಲೇ ಎಲ್ಲ ಮರೆತುಹೋಯಿತು. ಅವರ ಒಂದು ಹುಬ್ಬು ಸುಟ್ಟುಹೋಗಿ ಇನ್ನೂ ಪೂರ್ತಿ ಬೆಳೆದಿರಲಿಲ್ಲ.

"ತಪ್ಪಾತ್ರಿ," ಎಂದ.

ಅವರು ಕೋಟು ತೆಗೆದುಕೊಂಡು, ಗುಂಡಿಗಳನ್ನು ಬೆರಳಿನಿಂದ ಒಮ್ಮೆ ಉಜ್ಜಿ ಪಕ್ಕಕ್ಕೆ ಇಟ್ಟರು. "ಕೂಡ್ರು," ಎಂದರು. ಆಮೇಲೆ, "ಒಂದು ಹೇಳ್ತೀನಿ, ನಗಬ್ಯಾಡ. ಇಪ್ಪತ್ತು ವರ್ಷದಾಗ ನಾ ಬರೇ ಬೂದಿ ನೋಡೀನಿ ತಮ್ಮಾ. ಎಲ್ಲಿಗೆ ಹೋದ್ರೂ ಆರಿದ ಮ್ಯಾಲೆ ಹೋಗೋದು. ಬೆಂಕಿ ಅಂತ ನೋಡಿದ್ದು ಅವತ್ತೊಂದಿನ. ಏನು ಅದು, ಶಿವನೇ! ಅವತ್ತಿಂದ ನನಗ ನಿದ್ದಿ ಇಲ್ಲ," ಎಂದರು.

"ಹೆದರಿಕಿ ಆಗತೈತೇನ್ರಿ?"

"ಈ ಮನಿ ನೋಡು. ಹಿಂದ ದನದ ಕೊಟ್ಟಿಗಿ, ಅದರ ಮ್ಯಾಲೆ ಹುಲ್ಲು. ಅಟ್ಟದ ತುಂಬ ಕಟಗಿ. ಇದಕ್ಕ ವಿಮಾ ಇಲ್ಲ."

ಬೆನಕಪ್ಪ ಬೆರಗಾದ. "ನಿಮ್ ಮನಿಗೇ?"

"ನಮ್ ಕಂಪನಿ ತನ್ನ ಮಂದಿ ಮನಿಗೆ ವಿಮಾ ಕೊಡಂಗಿಲ್ಲ, ಅದು ರೂಲು. ಬ್ಯಾರೆಯವರ ಹತ್ರ ನಾ ಹೋಗಂಗಿಲ್ಲ, ಅದು ಧರ್ಮ." ಅವರು ಎದ್ದು ಬೀದಿಯ ಕಡೆ ಎರಡೂ ದಿಕ್ಕಿಗೆ ಇಣುಕಿ ನೋಡಿದರು. ದನಿ ತಗ್ಗಿಸಿದರು. "ನೀ ಈಗ ಹೊರಗಿನಾವ ಆದಿ. ಮೂರರಾಗ ನಮ್ ಮನಿಗೆ ಯಾವುದು ಚಲೋ, ನಿಜ ಹೇಳು."

ಬೆನಕಪ್ಪ ಸುತ್ತ ನೋಡಿದ. ತಲೆ ಎತ್ತಿ ಅಟ್ಟ ನೋಡಿದ. ಸುಮ್ಮನೆ ಹೇಳಿಬಿಡುವ ವಿಷಯ ಇದಲ್ಲ ಅನ್ನಿಸಿತು.

"ಒಲಿ ಎಲ್ಲೈತ್ರಿ?" ಎಂದು ಕೇಳಿದ.

ವೀರಬಸಪ್ಪ ಮೊದಲು ಬೀದಿ ಬಾಗಿಲ ಅಗಳಿ ಹಾಕಿದರು. ಆಮೇಲೆ ಅವನನ್ನು ಅಡಿಗೆಮನೆಗೆ ಕರೆದುಕೊಂಡು ಹೋದರು.